ಸೂಜಿ ಚುಚ್ಚದೆ ಶುಗರ್ ಹೇಳುವ ಆಪಲ್ ವಾಚ್ ಈ ಸಲವಾದರೂ ಬರುತ್ತದೆಯೇ?

ಆಗಸ್ಟ್ ತಿಂಗಳು ಬಂತೆಂದರೆ ತಂತ್ರಜ್ಞಾನದ ಸುದ್ದಿಗಳಲ್ಲಿ ಒಂದು ವಿಷಯ ತಪ್ಪದೆ ಕಾಣಿಸಿಕೊಳ್ಳುತ್ತದೆ. ಸೆಪ್ಟೆಂಬರ್‌ನಲ್ಲಿ ಆಪಲ್ ಬಿಡುಗಡೆ ಮಾಡಲಿರುವ ಹೊಸ ವಾಚ್ ರಕ್ತದ ಸಕ್ಕರೆಯನ್ನೂ ಅಳೆಯುತ್ತದಂತೆ. ಬೆರಳು ಚುಚ್ಚಬೇಕಿಲ್ಲವಂತೆ, ಸ್ಟ್ರಿಪ್ ಬೇಡವಂತೆ. ಇದೇ ಸುದ್ದಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಇಳಿಯುವ ಹೊತ್ತಿಗೆ ಈ 'ಅಂತೆ'ಗಳೆಲ್ಲ ಉದುರಿಹೋಗಿ 'ಬಂದೇಬಿಟ್ಟಿದೆ' ಎಂದಾಗಿರುತ್ತದೆ. ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ 'ಬರುವಾಗ ಅಪ್ಪನಿಗೊಂದು ತಗೊಂಡು ಬಾ' ಎಂಬ ಮಾತೂ ಶುರುವಾಗುತ್ತದೆ.

ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. 2025ರ ಸೆಪ್ಟೆಂಬರ್‌ವರೆಗೆ ಆಪಲ್ ನಡೆಸಿದ ಯಾವ ಕಾರ್ಯಕ್ರಮದಲ್ಲೂ ಇಂಥ ವಾಚ್ ಬಂದಿಲ್ಲ. ಚರ್ಮವನ್ನು ಚುಚ್ಚದೆ ತಾನಾಗಿಯೇ ಸಕ್ಕರೆ ಅಳೆಯುವ ಯಾವುದೇ ಕಂಪನಿಯ ಸ್ಮಾರ್ಟ್‌ವಾಚ್‌ಗಾಗಲಿ, ಸ್ಮಾರ್ಟ್ ಉಂಗುರಕ್ಕಾಗಲಿ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, 2024ರ ಫೆಬ್ರವರಿ 21ರಂದು ಎಚ್ಚರಿಕೆಯನ್ನೇ ಹೊರಡಿಸಿತ್ತು.

ಹಾಗಾದರೆ ಪ್ರತಿ ವರ್ಷ ಈ ಸುದ್ದಿ ಹುಟ್ಟುವುದೆಲ್ಲಿ? ಇದೆಲ್ಲ ಬರೀ ಸುಳ್ಳೇ? ಅಲ್ಲ. ಇದರಲ್ಲಿ ನಿಜದ ಅಂಶವೂ ಇದೆ, ಅದಕ್ಕೇ ಇದು ಸಾಯುತ್ತಿಲ್ಲ.

ಆಸೆ ಯಾಕೆ ಇಷ್ಟು ದೊಡ್ಡದು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇವರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ದಿನಕ್ಕೆ ನಾಲ್ಕು ಸಲ ಪರೀಕ್ಷೆ ಮಾಡಿಕೊಂಡರೆ ವರ್ಷಕ್ಕೆ 1,460 ಬಾರಿ ಬೆರಳು ಚುಚ್ಚಿಕೊಂಡಂತಾಯಿತು. ಒಂದು ಸ್ಟ್ರಿಪ್‌ಗೆ 15 ರೂಪಾಯಿ ಎಂದಿಟ್ಟುಕೊಂಡರೂ 21,900 ರೂಪಾಯಿ. ಬೆರಳ ತುದಿ ಗಟ್ಟಿಯಾಗುತ್ತದೆ. ಮಕ್ಕಳಿಗೆ ಟೈಪ್ 1 ಮಧುಮೇಹ ಇರುವ ಮನೆಗಳಲ್ಲಂತೂ ನಡುರಾತ್ರಿ ಎದ್ದು ಮಗುವಿನ ಬೆರಳು ಹಿಡಿಯಬೇಕು. ಇಂಥವರು 'ಈ ಸಲ ಬಂದೇ ಬರುತ್ತೆ' ಎಂದು ಕಾಯುವುದನ್ನು ನಗೆಯಾಡುವಂತಿಲ್ಲ.

ಕಾಯುವುದಕ್ಕೆ ಕಂಪನಿಯ ಕಡೆಯಿಂದಲೂ ಕಾರಣಗಳು ಸಿಕ್ಕಿವೆ. 2014ರ ಸೆಪ್ಟೆಂಬರ್ 9ರಂದು ಮೊದಲ ಆಪಲ್ ವಾಚ್ ಪ್ರದರ್ಶನಗೊಳ್ಳುವ ಮೊದಲೇ, ಅದರಲ್ಲಿ ಆರೋಗ್ಯದ ಸೆನ್ಸರ್‌ಗಳ ರಾಶಿಯೇ ಇರುತ್ತದೆ ಎಂಬ ನಿರೀಕ್ಷೆ ಹಬ್ಬಿತ್ತು. ಬಂದದ್ದು ಹೃದಯ ಬಡಿತ ಎಣಿಸುವ ಸೆನ್ಸರ್. 2017ರ ಫೆಬ್ರವರಿಯಲ್ಲಿ ಆಪಲ್‌ನ ಮುಖ್ಯಸ್ಥ ಟಿಮ್ ಕುಕ್ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುಂದೆ, ತಾನು ಕೆಲವು ವಾರ ಗ್ಲೂಕೋಸ್ ಮಾನಿಟರ್ ಹಾಕಿಕೊಂಡಿದ್ದಾಗಿ ಹೇಳಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಸಿಎನ್‌ಬಿಸಿ ವಾಹಿನಿ, ಚುಚ್ಚದೆ ಸಕ್ಕರೆ ಅಳೆಯುವ ಸೆನ್ಸರ್‌ಗಾಗಿ ಆಪಲ್ ಗುಟ್ಟಾಗಿ ಒಂದು ತಂಡವನ್ನೇ ಕಟ್ಟಿದೆ ಎಂದು ವರದಿ ಮಾಡಿತು.

2021ರ ಕಥೆ ಇನ್ನೂ ಸ್ವಾರಸ್ಯದ್ದು. ಜನವರಿಯಲ್ಲಿ ದಕ್ಷಿಣ ಕೊರಿಯಾದ ಇಟಿ ನ್ಯೂಸ್ ಪತ್ರಿಕೆ, ಆ ವರ್ಷದ ಆಪಲ್ ಮತ್ತು ಸ್ಯಾಮ್‌ಸಂಗ್ ವಾಚ್‌ಗಳೆರಡರಲ್ಲೂ ಸಕ್ಕರೆಯ ಸೆನ್ಸರ್ ಬರಲಿದೆ ಎಂದು ಬರೆಯಿತು. ಕೆಲವು ತಿಂಗಳ ನಂತರ ರಾಕ್ಲಿ ಫೋಟಾನಿಕ್ಸ್ ಎಂಬ ಬ್ರಿಟನ್ ಮೂಲದ ಕಂಪನಿ, ಷೇರುಪೇಟೆಗೆ ಬರಲು ಸಲ್ಲಿಸಿದ ದಾಖಲೆಯಲ್ಲಿ ತನ್ನ ಅತಿದೊಡ್ಡ ಗ್ರಾಹಕ ಆಪಲ್ ಎಂದು ತಿಳಿಸಿತು. ಬೆಳಕಿನ ನೆರವಿನಿಂದ ರಕ್ತದ ಅಂಶಗಳನ್ನು ಅಳೆಯುವ ಚಿಪ್ ಮಾಡುವುದು ಆ ಕಂಪನಿಯ ಗುರಿಯಾಗಿತ್ತು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದವರಿಗೆ ಸೀರೀಸ್ 7 ವಾಚ್‌ನಲ್ಲಿ ಸಕ್ಕರೆ ಸೆನ್ಸರ್ ಖಚಿತ ಅನಿಸಿತು. ಸೆಪ್ಟೆಂಬರ್ 14ರಂದು ಸೀರೀಸ್ 7 ಬಂತು, ಪರದೆ ಸ್ವಲ್ಪ ದೊಡ್ಡದಾಗಿತ್ತು, ಅಷ್ಟೇ. ಸ್ಯಾಮ್‌ಸಂಗ್‌ನ ವಾಚ್‌ನಲ್ಲೂ ಇರಲಿಲ್ಲ. ರಾಕ್ಲಿ 2023ರ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಅದಾದ ಮರುತಿಂಗಳೇ, ಅಂದರೆ 2023ರ ಫೆಬ್ರವರಿಯಲ್ಲಿ, ಬ್ಲೂಮ್‌ಬರ್ಗ್‌ನ ಮಾರ್ಕ್ ಗುರ್ಮನ್ ಅವರ ವರದಿ ಬಂತು. ನಾವು ನೋಡಿದ ಮಟ್ಟಿಗೆ ಈ ವಿಷಯದಲ್ಲಿ ಹೆಚ್ಚು ವಿವರಗಳಿದ್ದ ವರದಿ ಅದು. ಸ್ಟೀವ್ ಜಾಬ್ಸ್ ಇದ್ದ ಕಾಲದಲ್ಲೇ ಈ ಯೋಜನೆ ಶುರುವಾಗಿತ್ತು. ಲೇಸರ್ ಬೆಳಕನ್ನು ಚರ್ಮದೊಳಗೆ ಹಾಯಿಸಿ, ಹಿಂದಿರುಗಿ ಬರುವ ಬೆಳಕಿನಿಂದ ಗ್ಲೂಕೋಸ್ ಪ್ರಮಾಣ ಲೆಕ್ಕ ಹಾಕುವುದು ಅದರ ವಿಧಾನ. ಒಂದು ಕಾಲಕ್ಕೆ ಮೇಜಿನ ಮೇಲೆ ಇಡಬೇಕಿದ್ದ ಉಪಕರಣ ಈಗ ತೋಳಿಗೆ ಕಟ್ಟುವ ಐಫೋನ್ ಗಾತ್ರಕ್ಕೆ ಇಳಿದಿದೆ, ಎಂಬುದು ಅದರ ಸಾರ. ಈ ವಿಧಾನ ಕೆಲಸ ಮಾಡಬಲ್ಲದು ಎಂಬ ಹಂತ ತಲುಪಿದೆ, ಆದರೆ ಮಾರುಕಟ್ಟೆಗೆ ಬರಲು ಇನ್ನೂ ಹಲವು ವರ್ಷ ಬೇಕು ಎಂದೂ ಅದೇ ವರದಿ ಹೇಳಿತ್ತು. ಸುದ್ದಿ ಕೈಯಿಂದ ಕೈಗೆ ದಾಟುವಾಗ ಮೊದಲ ಅರ್ಧ ಉಳಿಯಿತು, ಎರಡನೇ ಅರ್ಧ ಕಳೆದುಹೋಯಿತು.

ಆಮ್ಲಜನಕ ಅಳೆಯುವ ವಾಚ್‌ಗೆ ಸಕ್ಕರೆ ಅಳೆಯಲು ಏನು ಕಷ್ಟ?

ಇದು ನ್ಯಾಯವಾದ ಪ್ರಶ್ನೆ. 2020ರಲ್ಲಿ ಬಂದ ಸೀರೀಸ್ 6 ವಾಚ್ ಚರ್ಮಕ್ಕೆ ಬೆಳಕು ಬಿಟ್ಟೇ ರಕ್ತದ ಆಮ್ಲಜನಕ ಅಳೆಯುತ್ತಿತ್ತು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಮಾಡುವುದು ಅದನ್ನೇ. ಅದೇ ಬೆಳಕಿಗೆ ಸಕ್ಕರೆ ಯಾಕೆ ಕಾಣುವುದಿಲ್ಲ?

ಆಕ್ಸಿಮೀಟರ್ ನೋಡುವುದು ಹಿಮೋಗ್ಲೋಬಿನ್ ಅನ್ನು. ಅದಕ್ಕೆ ಬಣ್ಣವಿದೆ. ಆಮ್ಲಜನಕ ಹೊತ್ತಾಗ ಒಂದು ಬಣ್ಣ, ಇಳಿಸಿದ ಮೇಲೆ ಇನ್ನೊಂದು. ಕೆಂಪು ಬೆಳಕು, ಅವಗೆಂಪು ಬೆಳಕು ಎರಡನ್ನೂ ಹಾಯಿಸಿ ಯಾವುದು ಎಷ್ಟು ಹೀರಲ್ಪಟ್ಟಿತು ಎಂದು ಹೋಲಿಸಿದರೆ ಉತ್ತರ ಸಿಗುತ್ತದೆ. ಅಲ್ಲದೆ ಹಿಮೋಗ್ಲೋಬಿನ್ ರಕ್ತದಲ್ಲಿ ಧಾರಾಳವಾಗಿದೆ, 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 14 ಗ್ರಾಂ.

ಗ್ಲೂಕೋಸ್‌ಗೆ ಬಣ್ಣವಿಲ್ಲ. ಪ್ರಮಾಣವೂ ಅತ್ಯಲ್ಪ. ವರದಿಯಲ್ಲಿ '100' ಎಂದು ಬಂದರೆ 100 ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದರ್ಥ. ಅಂದರೆ 0.1 ಗ್ರಾಂ, ಹಿಮೋಗ್ಲೋಬಿನ್‌ನ 140ರಲ್ಲಿ ಒಂದು ಪಾಲು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ವಯಸ್ಕರೊಬ್ಬರ ಮೈಯಲ್ಲಿ ಹರಿಯುವ ಸುಮಾರು 5 ಲೀಟರ್ ರಕ್ತದಲ್ಲಿ ಕರಗಿರುವ ಒಟ್ಟು ಗ್ಲೂಕೋಸ್ ಬರೀ 5 ಗ್ರಾಂ. ನಿಮ್ಮ ಕಾಫಿಗೆ ಹಾಕುವ ಒಂದು ಟೀ ಚಮಚ ಸಕ್ಕರೆಯಷ್ಟು! ಸಕ್ಕರೆ 100 ಇದೆಯೋ 120 ಇದೆಯೋ ಎಂದು ಹೇಳಬೇಕಾದರೆ, ಆ 5 ಲೀಟರ್‌ನಲ್ಲಿ 1 ಗ್ರಾಂ ಹೆಚ್ಚಾದದ್ದನ್ನು ಮಣಿಕಟ್ಟಿನ ಮೇಲೆ ಕುಳಿತ ಸೆನ್ಸರ್ ಗುರುತಿಸಬೇಕು.

ಅಷ್ಟೇ ಆಗಿದ್ದರೆ ಬಹುಶಃ ಸಾಧ್ಯವಾಗುತ್ತಿತ್ತೇನೋ. ಗ್ಲೂಕೋಸ್ ಹೀರುವ ಅವಗೆಂಪು ಬೆಳಕನ್ನು ನೀರು, ಕೊಬ್ಬು, ಪ್ರೋಟೀನ್‌ಗಳೂ ಹೀರುತ್ತವೆ, ಮತ್ತು ಚರ್ಮದಲ್ಲಿ ಇವೇ ತುಂಬಿಕೊಂಡಿವೆ. ಜಾತ್ರೆಯ ಗದ್ದಲದಲ್ಲಿ ಒಬ್ಬರ ಪಿಸುಮಾತನ್ನು ಕೇಳಿಸಿಕೊಂಡಂತೆ ಇದು. ಬೆವರು, ಚರ್ಮದ ಉಷ್ಣತೆ, ಪಟ್ಟಿ ಎಷ್ಟು ಬಿಗಿಯಾಗಿದೆ ಎಂಬುದು ಕೂಡ ಸಂಕೇತವನ್ನು ಅಲ್ಲಾಡಿಸುತ್ತವೆ. ಪ್ರಯೋಗಾಲಯದ ತಂಪು ಕೋಣೆಯಲ್ಲಿ ಕೈ ಅಲ್ಲಾಡಿಸದೆ ಕುಳಿತವರಲ್ಲಿ ಕೆಲಸ ಮಾಡಿದ ಉಪಕರಣ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಕೈಯಲ್ಲೂ ಕೆಲಸ ಮಾಡಬೇಕು. ಅಲ್ಲಿಗೆ ಬಂದಾಗಲೇ ಒಂದೊಂದೂ ಸೋತದ್ದು.

ಸೋತವರು ಸಣ್ಣವರೇನಲ್ಲ. ಗ್ಲುಕೋವಾಚ್ ಎಂಬ ಹೆಸರಿನ ಕೈಗಡಿಯಾರಕ್ಕೆ ಎಫ್‌ಡಿಎ 2001ರಲ್ಲಿ ಅನುಮತಿಯನ್ನೂ ಕೊಟ್ಟಿತ್ತು ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಸಿಗ್ನಸ್ ಎಂಬ ಕಂಪನಿಯ ಆ ವಾಚ್, ಸಣ್ಣ ವಿದ್ಯುತ್ ಹರಿಸಿ ಚರ್ಮದ ಮೂಲಕ ದ್ರವವನ್ನು ಸೆಳೆದು ಗ್ಲೂಕೋಸ್ ಅಳೆಯುತ್ತಿತ್ತು. ಕಟ್ಟಿಕೊಂಡ ಮೇಲೆ ಮೂರು ಗಂಟೆ ಕಾಯಬೇಕು, ಆಮೇಲೆ ಬೆರಳು ಚುಚ್ಚಿಯೇ ಅದಕ್ಕೆ ಅಳತೆ ಹೊಂದಿಸಬೇಕು, ಬೆವರಿದರೆ ಅಂಕಿಯೇ ಬರದು, ಚರ್ಮ ಕೆಂಪಾಗಿ ಉರಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಮರೆಯಾಯಿತು. 2014ರಲ್ಲಿ ಗೂಗಲ್, ಕಣ್ಣೀರಿನಿಂದ ಸಕ್ಕರೆ ಅಳೆಯುವ ಕಾಂಟ್ಯಾಕ್ಟ್ ಲೆನ್ಸ್ ಘೋಷಿಸಿದಾಗ ಪ್ರಪಂಚವೇ ಬೆರಗಾಯಿತು. ಔಷಧ ಕಂಪನಿ ನೊವಾರ್ಟಿಸ್ ಜೊತೆಯಾಯಿತು. 2018ರ ನವೆಂಬರ್‌ನಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನಂಬಬಹುದಾದ ತಾಳೆ ಸಿಗಲಿಲ್ಲ ಎಂಬುದು ಕಾರಣ. ಗ್ಲುಕೋಮೀಟರ್ ಉದ್ಯಮದಲ್ಲೇ ವರ್ಷಗಟ್ಟಲೆ ದುಡಿದ ವಿಜ್ಞಾನಿ ಜಾನ್ ಸ್ಮಿತ್ ಇಂಥ ಸೋಲುಗಳ ಕುರಿತು ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಬೇಟೆಗಾರನನ್ನು ದಾರಿತಪ್ಪಿಸುವ ಟರ್ಕಿ ಕೋಳಿಯ ಬೆನ್ನು ಹತ್ತಿದ ಹಾಗೆ ಎಂಬ ಅರ್ಥದ ಉಪಶೀರ್ಷಿಕೆ ಅದಕ್ಕಿದೆ.

ವದಂತಿ ಪೂರಾ ಸುಳ್ಳಾಗದೆ ಮೋಸ ಮಾಡುವ ಬಗೆ

ರಕ್ತದೊತ್ತಡದ ಉದಾಹರಣೆಯನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆಪಲ್ ವಾಚ್ ಬಿಪಿ ಅಳೆಯಲಿದೆ ಎಂಬ ಸುದ್ದಿ ಹಲವು ವರ್ಷ ಓಡಾಡಿತು. 2025ರ ಸೆಪ್ಟೆಂಬರ್ 9ರಂದು ಸೀರೀಸ್ 11 ಬಂದಾಗ ಅದು ನಿಜವೂ ಆಯಿತು, ನಿಜವಾಗಲೂ ಇಲ್ಲ. ವಾಚ್ 130/85 ಎಂಬಂಥ ಅಂಕಿ ಕೊಡುವುದಿಲ್ಲ. ಹೃದಯ ಬಡಿತಕ್ಕೆ ರಕ್ತನಾಳಗಳು ಸ್ಪಂದಿಸುವ ರೀತಿಯನ್ನು 30 ದಿನಗಳ ಅವಧಿಯಲ್ಲಿ ಗಮನಿಸಿ, ಅಧಿಕ ರಕ್ತದೊತ್ತಡದ ಲಕ್ಷಣ ಕಂಡರೆ ಒಂದು ಸೂಚನೆ ಕಳಿಸುತ್ತದೆ. ಸೂಚನೆ ಬಂದವರು ತೋಳಿಗೆ ಪಟ್ಟಿ ಸುತ್ತುವ ಬಿಪಿ ಯಂತ್ರದಲ್ಲಿ ಅಳೆದು ನೋಡಿ ವೈದ್ಯರ ಬಳಿ ಹೋಗಬೇಕು. ಎಲ್ಲ ಪ್ರಕರಣಗಳನ್ನೂ ಇದು ಹಿಡಿಯುವುದಿಲ್ಲ ಎಂದು ಕಂಪನಿಯೇ ಹೇಳಿದೆ. ತನಗೆ ಬಿಪಿ ಇದೆಯೆಂದೇ ತಿಳಿಯದವರಿಗೆ ಇದು ಬಹಳ ಉಪಯುಕ್ತ. ಬಿಪಿ ಮಾತ್ರೆಯ ಪ್ರಮಾಣ ಬದಲಿಸಲು ಅಂಕಿ ಬೇಕಾದವರಿಗೆ ಪ್ರಯೋಜನವಿಲ್ಲ.

ಸಕ್ಕರೆಯ ವಿಷಯದಲ್ಲೂ ಮೊದಲು ಬರುವುದು ಹೀಗೇ ಇರಬಹುದು ಎಂಬುದು ನಮ್ಮ ಅನಿಸಿಕೆ. ಆಪಲ್‌ನ ಗುರಿಗಳಲ್ಲಿ ಒಂದು, ಮಧುಮೇಹದ ಹೊಸ್ತಿಲಲ್ಲಿ ಇರುವವರನ್ನು ಎಚ್ಚರಿಸುವುದು ಎಂದು ಬ್ಲೂಮ್‌ಬರ್ಗ್ ವರದಿಯೂ ಹೇಳಿತ್ತು. ಹಾಗಾಗಿ ವೇದಿಕೆಯ ಮೇಲೆ 'ಗ್ಲೂಕೋಸ್' ಎಂಬ ಪದ ಕೇಳಿದರೂ ಕೂಡಲೇ ಸ್ಟ್ರಿಪ್ ಡಬ್ಬಿ ಎಸೆಯುವಂತಿಲ್ಲ. ಅಳತೆ ಕೊಡುತ್ತದೆಯೋ, ಏರಿಳಿತದ ದಿಕ್ಕನ್ನು ಮಾತ್ರ ತೋರಿಸುತ್ತದೆಯೋ, ಬರೀ ಎಚ್ಚರಿಕೆಯೋ ಎಂದು ನೋಡಬೇಕು. ಆ ಅಂಕಿ ನೋಡಿ ಇನ್ಸುಲಿನ್ ಪ್ರಮಾಣ ನಿರ್ಧರಿಸಬಹುದು ಎಂದು ಸ್ಪಷ್ಟವಾಗಿ ಬರೆದಿಲ್ಲವಾದರೆ, ನಿರ್ಧರಿಸಬಾರದು ಎಂದೇ ತಿಳಿಯಬೇಕು.

ಪೇಟೆಂಟ್ ಸಿಕ್ಕಿತು ಎಂಬ ಸುದ್ದಿಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ದೊಡ್ಡ ಕಂಪನಿಗಳು ಎಂದೂ ತಯಾರಿಸದ ಎಷ್ಟೋ ವಸ್ತುಗಳಿಗೆ ಪೇಟೆಂಟ್ ಪಡೆದಿಟ್ಟುಕೊಳ್ಳುತ್ತವೆ. ಎಫ್‌ಡಿಎ ಅನುಮತಿ ಅದಕ್ಕಿಂತ ಗಟ್ಟಿ ಸಾಕ್ಷಿ, ಆದರೆ ಅದನ್ನು ಮೊದಲೇ ಪತ್ತೆ ಮಾಡಬಹುದು ಎಂದೇನಿಲ್ಲ. 2018ರಲ್ಲಿ ವಾಚ್‌ನ ಇಸಿಜಿಗೆ ಸಿಕ್ಕ ಅನುಮತಿ ಪತ್ರದ ತಾರೀಖು ಸೆಪ್ಟೆಂಬರ್ 11, ಕಾರ್ಯಕ್ರಮ ನಡೆದದ್ದು 12ರಂದು. ಬಿಪಿ ಸೂಚನೆಗೆ ಅನುಮತಿ ಬಂದದ್ದು ಕಾರ್ಯಕ್ರಮ ಮುಗಿದ ಮೇಲೆ.

ಈಗಾಗಲೇ ಮಾರಾಟದಲ್ಲಿರುವ 'ಶುಗರ್ ವಾಚ್'ಗಳ ಗತಿಯೇನು?

ನಮಗೆ ನಿಜವಾದ ಚಿಂತೆ ಇರುವುದು ಇಲ್ಲಿ. ಆಪಲ್ ಕುರಿತ ಊಹಾಪೋಹ ಹುಸಿಯಾದರೆ ಯಾರಿಗೂ ಅಪಾಯವಿಲ್ಲ, ಒಂದಿಷ್ಟು ನಿರಾಸೆ ಅಷ್ಟೇ. ಆದರೆ 'ಇಂಥ ವಾಚ್ ಬರುವ ಕಾಲ ಬಂದಿದೆ' ಎಂಬ ನಂಬಿಕೆಯನ್ನು ಅದು ವರ್ಷ ವರ್ಷವೂ ಗಟ್ಟಿ ಮಾಡುತ್ತದೆ. ಆ ನಂಬಿಕೆಯ ನೆರಳಿನಲ್ಲಿ, ಎರಡು ಮೂರು ಸಾವಿರ ರೂಪಾಯಿಗೆ ಹೃದಯ ಬಡಿತ, ಬಿಪಿ, ಆಮ್ಲಜನಕ, ಸಕ್ಕರೆ ಎಲ್ಲವನ್ನೂ ತೋರಿಸುವುದಾಗಿ ಹೇಳುವ ವಾಚ್‌ಗಳು ಆನ್‌ಲೈನ್‌ನಲ್ಲಿ ಬಿಕರಿಯಾಗುತ್ತವೆ. ಎಫ್‌ಡಿಎ ಎಚ್ಚರಿಸಿದ್ದು ಇಂಥವುಗಳ ಬಗ್ಗೆಯೇ.

'ನಾನು ಗ್ಲುಕೋಮೀಟರ್ ಜೊತೆ ಹೋಲಿಸಿ ನೋಡಿದೆ, ಹೆಚ್ಚುಕಡಿಮೆ ಸರಿಯಾಗೇ ಇತ್ತು' ಎಂದು ಹೇಳುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮನೆಯ ಗ್ಲುಕೋಮೀಟರ್‌ಗಳಿಗಿರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 100ಕ್ಕಿಂತ ಕೆಳಗಿನ ಅಳತೆಯಲ್ಲಿ 15 ಅಂಕಿ, 100 ಮತ್ತು ಅದಕ್ಕಿಂತ ಮೇಲೆ ಶೇ. 15ರಷ್ಟು ವ್ಯತ್ಯಾಸ ನಡೆಯುತ್ತದೆ. ನೂರರಲ್ಲಿ 95 ಅಳತೆಗಳಾದರೂ ಈ ಮಿತಿಯೊಳಗೆ ಇರಬೇಕು. ಈಗ ಏನನ್ನೂ ಅಳೆಯದೆ ಸದಾ 105 ಎಂದೇ ತೋರಿಸುವ ಒಂದು ವಾಚನ್ನು ಊಹಿಸಿಕೊಳ್ಳಿ. ಆರೋಗ್ಯವಂತರೊಬ್ಬರಿಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 92 ಇದೆ. ವ್ಯತ್ಯಾಸ 13, ಪಾಸಾಯಿತು. ಊಟದ ನಂತರ 120. ವ್ಯತ್ಯಾಸ ಶೇ. 12.5, ಆಗಲೂ ಪಾಸು! ಊಟದ ಹೊತ್ತು ನೋಡಿ ಅಂಕಿಯನ್ನು ಒಂಚೂರು ಏರಿಸಿ ಇಳಿಸುವಂತೆ ಮಾಡಿದರಂತೂ ಯಾರಿಗೂ ಅನುಮಾನ ಬರದು.

ಇನ್ಸುಲಿನ್ ತೆಗೆದುಕೊಂಡು ಊಟ ತಡವಾದ ಹಿರಿಯರೊಬ್ಬರ ಸಕ್ಕರೆ 55ಕ್ಕೆ ಇಳಿದಾಗಲೂ ಅದೇ ವಾಚ್ 105 ಎನ್ನುತ್ತದೆ. ಕೈ ನಡುಗುತ್ತಿದೆ, ಮೈ ಬೆವರುತ್ತಿದೆ, 'ವಾಚ್ ಸರಿಯಾಗಿ ತೋರಿಸ್ತಿದೆಯಲ್ಲ, ಸುಸ್ತಿರಬೇಕು' ಎಂದು ಮನೆಯವರು ಮಲಗಿಸುತ್ತಾರೆ. ಸಕ್ಕರೆ ಇನ್ನೂ ಇಳಿದರೆ ಪ್ರಜ್ಞೆ ತಪ್ಪುತ್ತದೆ, ಜೀವಕ್ಕೂ ಕುತ್ತಾಗಬಹುದು. ತಿರುಗಾ ಮುರುಗಾ ಆದರೂ ಕಷ್ಟವೇ. ಸಕ್ಕರೆ 110 ಇರುವಾಗ ವಾಚ್ 260 ತೋರಿಸಿ, ಅದನ್ನು ನಂಬಿ ಹೆಚ್ಚುವರಿ ಇನ್ಸುಲಿನ್ ಚುಚ್ಚಿಕೊಂಡರೆ ಫಲ ಅದೇ. ಎಣ್ಣೆ ಮುಗಿದರೂ 'ಅರ್ಧ ಟ್ಯಾಂಕ್' ತೋರಿಸುವ ಸ್ಕೂಟರಾದರೆ ರಸ್ತೆಯ ಬದಿಯಲ್ಲಿ ನಿಂತುಬಿಡುತ್ತದೆ, ತಳ್ಳಿಕೊಂಡು ಹೋಗಬಹುದು.

ಭಾರತದಲ್ಲಿ ಗ್ಲುಕೋಮೀಟರ್ ಒಂದು ವೈದ್ಯಕೀಯ ಉಪಕರಣ. ಅದರ ತಯಾರಿಕೆ, ಆಮದು ಎರಡಕ್ಕೂ ಪರವಾನಗಿ ಬೇಕು. ವಾಚ್‌ನ ಡಬ್ಬದಲ್ಲಿ ಅಂಥ ಪರವಾನಗಿ ಸಂಖ್ಯೆಯ ಬದಲು 'ಇದು ವೈದ್ಯಕೀಯ ಉದ್ದೇಶಕ್ಕಲ್ಲ' ಎಂಬ ಸಣ್ಣ ಅಕ್ಷರದ ಸಾಲಿದ್ದರೆ, ಸಕ್ಕರೆ ಅಳೆಯುತ್ತದೆ ಎಂಬ ದೊಡ್ಡ ಅಕ್ಷರದ ಮಾತಿಗೆ ಬೆಲೆಯಿಲ್ಲ.

ಒಂದು ಗೊಂದಲ ಮಾತ್ರ ಬೇಡ. ಕೆಲವರ ಆಪಲ್ ವಾಚ್ ನಿಜವಾಗಿಯೂ ಸಕ್ಕರೆಯ ಅಂಕಿ ತೋರಿಸುತ್ತದೆ, ಅದು ಸುಳ್ಳಲ್ಲ. ಅವರ ತೋಳಿನ ಮೇಲೋ ಹೊಟ್ಟೆಯ ಮೇಲೋ ನಾಣ್ಯದಷ್ಟಗಲದ ಒಂದು ಬಿಲ್ಲೆ ಅಂಟಿರುತ್ತದೆ. ಇದನ್ನು ಸಿಜಿಎಂ ಎನ್ನುತ್ತಾರೆ. ಅದರ ಕೂದಲಿನಂಥ ಎಳೆ ಚರ್ಮದೊಳಗೆ ಇಳಿದು ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸ್ ಅಳೆಯುತ್ತದೆ, ವಾಚ್ ಆ ಅಂಕಿಗೆ ಕೇವಲ ಪರದೆ. ಅಬಾಟ್ ಕಂಪನಿಯ ಫ್ರೀಸ್ಟೈಲ್ ಲಿಬ್ರೆ ಭಾರತದಲ್ಲೂ ಸಿಗುತ್ತದೆ, ಒಂದು ಸೆನ್ಸರ್ 14 ದಿನ ನಡೆಯುತ್ತದೆ. ಒಂದೇ ಸಲ ಚುಚ್ಚಿದರೆ ಎರಡು ವಾರ ಬೆರಳಿಗೆ ಬಹುಮಟ್ಟಿಗೆ ಬಿಡುವು. ಬೆಲೆ ಕಡಿಮೆಯೇನಲ್ಲ. ಮೇಲಾಗಿ ರಕ್ತದಲ್ಲಾದ ಬದಲಾವಣೆ ಈ ದ್ರವದಲ್ಲಿ ಕಾಣಿಸಲು ಕೆಲವು ನಿಮಿಷ ಹಿಡಿಯುತ್ತದೆ, ಆದ್ದರಿಂದ ಸಕ್ಕರೆ ವೇಗವಾಗಿ ಇಳಿಯುವಾಗ ಅಥವಾ ಅಂಕಿಗೂ ಲಕ್ಷಣಕ್ಕೂ ತಾಳೆಯಾಗದಿದ್ದಾಗ ಬೆರಳು ಚುಚ್ಚಿ ನೋಡುವುದು ತಪ್ಪುವುದಿಲ್ಲ.

ಚುಚ್ಚದೆ ಶುಗರ್ ತೋರಿಸುವ ಅಗ್ಗದ ವಾಚ್ ನಿಮ್ಮ ಮನೆಯಲ್ಲಿ ಈಗಾಗಲೇ ಇದ್ದರೆ ಎಸೆಯಬೇಕಿಲ್ಲ. ಗಂಟೆ ನೋಡಲು, ಹೆಜ್ಜೆ ಎಣಿಸಲು ಇರಲಿ. ಶುಗರ್ ಪುಟವನ್ನು ತೆಗೆದುಹಾಕಿ, ಅಥವಾ ಹಿರಿಯರಿಗೆ ಅದನ್ನು ನೋಡಬೇಡಿ ಎಂದು ತಿಳಿಸಿ ಹೇಳಿ. ನಡುಕ, ಬೆವರು, ಎದೆ ಡವಡವ, ಮಾತು ತೊದಲುವುದು ಕಂಡರೆ ಗ್ಲುಕೋಮೀಟರ್‌ನಲ್ಲಿ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಗ್ಲುಕೋಮೀಟರ್ ಕೈಗೆ ಸಿಗದಿದ್ದರೂ, ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ತಿರುಗಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.